ಹೆಸರಿರೋ ಕಾಲೇಜಾ, ಕೈಗೆಟುಕೋ ಕಾಲೇಜಾ? ಬಳ್ಳಾರಿ, ರಾಯಚೂರು, ಕೊಪ್ಪಳದ ಸೈನ್ಸ್ ಮಕ್ಕಳಿಗೆ ಒಂದು ಲೆಕ್ಕ

ಪಿಯುಸಿಯಲ್ಲಿ 95ರ ಮೇಲೆ ಬಂದಿದೆ, ಸಿಇಟಿ ರ‍್ಯಾಂಕೂ ಚೆನ್ನಾಗಿದೆ, ಈಗ ಮನೆಗೆ ಬಂದವರೆಲ್ಲ ಒಂದೊಂದು ಕಾಲೇಜಿನ ಹೆಸರು ಹೇಳಿ ಹೋಗುತ್ತಾರೆ. ಬೆಂಗಳೂರಲ್ಲಿರೋ ಮಾವ "ಹೊಲ ಮಾರಿದರೂ ಪರವಾಗಿಲ್ಲ, ದೊಡ್ಡ ಕಾಲೇಜಿಗೇ ಹಾಕಿ" ಅನ್ನುತ್ತಾರೆ. ಪಕ್ಕದ ಮನೆ ಮೇಷ್ಟ್ರು "ಓದೋ ಹುಡುಗ ಎಲ್ಲಿದ್ದರೂ ಓದುತ್ತಾನೆ, ಸುಮ್ನೆ ಊರಲ್ಲೇ ಇರಲಿ" ಅನ್ನುತ್ತಾರೆ. ಇಬ್ಬರ ಮಾತೂ ಅರ್ಧ ಸರಿ. ಯಾವ ಅರ್ಧ ನಿಮಗೆ ಹೊಂದುತ್ತದೆ ಅನ್ನೋದು ನೀವು ಓದೋ ಕೋರ್ಸ್ ಮೇಲಿದೆ. ಅದನ್ನು ಮಾತ್ರ ಇಬ್ಬರೂ ಹೇಳುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಸೈನ್ಸ್ ಓದೋ ಜಾಣ ಮಕ್ಕಳಿಗೆ ತೀರಾ ದೊಡ್ಡ ಹೆಸರು ದುಬಾರಿ ಬೀಳುವುದಿಲ್ಲ. ಊರಿನ ಸರ್ಕಾರಿ ಸೀಟೂ ದುಬಾರಿ ಬೀಳುವುದಿಲ್ಲ. ಇವೆರಡರ ಮಧ್ಯೆ, ರ‍್ಯಾಂಕ್ ಸ್ವಲ್ಪದರಲ್ಲಿ ತಪ್ಪಿದಾಗ "ಹತ್ತಿರ ಹತ್ತಿರ ಅಂಥದ್ದೇ" ಅಂತ ಮಾರುವ ಸೀಟು ಇದೆಯಲ್ಲ, ಹೊಲ ಹೋಗುವುದು ಅಲ್ಲಿ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿ ಹೆಸರಿಗೆ ಯಾರೂ ಸಾಲ ಮಾಡಿ ಮುಳುಗಿಲ್ಲ. ಮುಳುಗಿದವರು ಮ್ಯಾನೇಜ್‌ಮೆಂಟ್ ಸೀಟಿಗೆ ಮುಳುಗಿದ್ದಾರೆ.

ಕೆಳಗೆ ಹೇಳಿರುವ ಫೀ ಎಲ್ಲ ಅಂದಾಜು. ಪ್ರತಿ ವರ್ಷ ಒಂದಿಷ್ಟು ಏರುತ್ತದೆ, ಸಿಇಟಿ ನಡೆಸುವ ಕೆಇಎ ಪ್ರಕಟಿಸುವ ಆ ವರ್ಷದ ಪಟ್ಟಿಯೇ ಕೊನೆ ಮಾತು. ಆದರೆ ಒಂದಕ್ಕೊಂದು ಇರೋ ಅಂತರ ಅಷ್ಟು ಬದಲಾಗುವುದಿಲ್ಲ, ನಮಗೆ ಬೇಕಿರುವುದು ಅದೇ.

ಮೊದಲು 371ಜೆ

ಬೇರೆ ಜಿಲ್ಲೆಯವರಿಗೆ ಬರೆದ ಸಲಹೆ ನಮಗೆ ಪೂರ್ತಿ ಹೊಂದದೇ ಇರುವುದಕ್ಕೆ ಇದೇ ಕಾರಣ. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿ ಆಯಿತು, 371ಜೆ ಬಂತು. ಅದರ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಇಲ್ಲಿನ ಮಕ್ಕಳಿಗೆ 70% ಸೀಟು, ರಾಜ್ಯದ ಉಳಿದ ಭಾಗದಲ್ಲಿ 8% ಸೀಟು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಜಾಸ್ತಿ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನ ಹೆಸರಿರೋ ಎಂಜಿನಿಯರಿಂಗ್ ಕಾಲೇಜಿನಲ್ಲೂ, ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೂ ಆ 8% ಸಾಲು ಇರುತ್ತದೆ. ಕಟ್‌ಆಫ್ ನೋಡುವಾಗ ಜನರಲ್ ಸಾಲು ಮಾತ್ರ ನೋಡಿ "ನಮಗೆ ಬರಲ್ಲ ಬಿಡು" ಅನ್ನಬೇಡಿ. ಹೈದರಾಬಾದ್ ಕರ್ನಾಟಕದ (ಕಲ್ಯಾಣ ಕರ್ನಾಟಕದ ಹಳೆಯ ಹೆಸರು) ಸಾಲನ್ನೂ ನೋಡಿ, ನಿಮ್ಮ ಪ್ರವರ್ಗದ ಜೊತೆ ಸೇರಿಸಿ, ಹಿಂದಿನ ಎರಡು ಮೂರು ವರ್ಷದ್ದು ನೋಡಿ.

371ಜೆ ಅರ್ಹತಾ ಪ್ರಮಾಣ ಪತ್ರ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ, ಅಂದರೆ ನಾವು ಎಸಿ ಆಫೀಸ್ ಅನ್ನುತ್ತೇವಲ್ಲ ಅದು. ಪ್ರಥಮ ಪಿಯುಸಿಯಲ್ಲೇ ಮಾಡಿಸಿಡಿ. ಸಿಇಟಿ ಅರ್ಜಿ ಹಾಕೋ ವಾರ ಹೋದರೆ ಅಲ್ಲಿ ಇಡೀ ತಾಲ್ಲೂಕೇ ಸಾಲಿನಲ್ಲಿ ನಿಂತಿರುತ್ತದೆ.

ಇನ್ನೊಂದು ಮಾತು, ಇದು ರಾಯಚೂರು, ಸಿಂಧನೂರು, ಬಳ್ಳಾರಿ ಕಡೆಯವರಿಗೆ. ಹೈದರಾಬಾದ್, ಕರ್ನೂಲ್, ವಿಜಯವಾಡ ಹತ್ತಿರ ಅಂತ ಮಕ್ಕಳನ್ನು ಅಲ್ಲಿ ಇಂಟರ್‌ಗೆ (ಅಲ್ಲಿನ ಪಿಯುಸಿ) ಹಾಕುವುದು ನಮ್ಮ ಕಡೆ ರೂಢಿ. ಕೋಚಿಂಗ್ ಚೆನ್ನಾಗಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಯಲ್ಲಿ ನಿಮ್ಮ ರಾಜ್ಯ ಯಾವುದು ಅಂತ ತೀರ್ಮಾನ ಆಗುವುದು 12ನೇ ತರಗತಿ ಎಲ್ಲಿ ಪಾಸಾದಿರಿ ಅನ್ನುವುದರ ಮೇಲೆ. ಆಂಧ್ರದಲ್ಲಿ ಇಂಟರ್ ಮುಗಿಸಿದ ರಾಯಚೂರಿನ ಹುಡುಗನಿಗೆ ಸುರತ್ಕಲ್‌ನ ಎನ್‌ಐಟಿಯಲ್ಲಿ ಕರ್ನಾಟಕದ ಕೋಟಾ ಸಿಗುವುದಿಲ್ಲ. ನಮ್ಮ ಸಿಇಟಿ ಅರ್ಹತೆಗೂ ಎಲ್ಲಿ, ಎಷ್ಟು ವರ್ಷ ಓದಿದ್ದು ಅನ್ನುವ ಷರತ್ತುಗಳಿವೆ. ಹಾಗಾಗಿ ಕಳಿಸುವ ಮುಂಚೆಯೇ ಸಿಇಟಿ ಬ್ರೋಷರ್‌ನಲ್ಲಿ ಅರ್ಹತೆಯ ಪುಟ ಓದಿ, ಆಮೇಲೆ ಬಸ್ ಹತ್ತಿಸಿ.

ಮೆಡಿಕಲ್: ಹೆಸರಿಗೆ ಅಂತ ಒಂದು ರೂಪಾಯಿನೂ ಬೇಡ

ಇದು ಸುಲಭದ ವಿಷಯ, ಬೇಗ ಮುಗಿಸುತ್ತೇನೆ. ಎಂಬಿಬಿಎಸ್‌ಗೆ ಸರ್ಕಾರಿ ಸೀಟು ಎಲ್ಲಿ ಸಿಕ್ಕರೂ ತೆಗೆದುಕೊಳ್ಳಿ. ಬಳ್ಳಾರಿ ಇರಲಿ, ರಾಯಚೂರಿನ ರಿಮ್ಸ್ ಇರಲಿ, ಕೊಪ್ಪಳ ಇರಲಿ. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 60-70 ಸಾವಿರ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಕೋಟಾಕ್ಕೆ ಬಂದರೆ ವರ್ಷಕ್ಕೆ ಹತ್ತು ಹನ್ನೆರಡು ಲಕ್ಷ, ಡೀಮ್ಡ್ ಯೂನಿವರ್ಸಿಟಿಗೆ ಹೋದರೆ ಅದಕ್ಕಿಂತಲೂ ಮೇಲೆ. ಕೋರ್ಸ್ ಮುಗಿಯೋ ಹೊತ್ತಿಗೆ ಅರ್ಧ ಕೋಟಿ ದಾಟಿರುತ್ತದೆ. ಒಂದೇ ಬೆಂಚು, ಒಂದೇ ಲೆಕ್ಚರು, ಒಂದೇ ಡಿಗ್ರಿ. ಪಕ್ಕದಲ್ಲಿ ಕೂತ ಇಬ್ಬರ ಮಧ್ಯೆ ವರ್ಷಕ್ಕೆ ಹತ್ತು ಲಕ್ಷದ ವ್ಯತ್ಯಾಸ, ಅದೂ ನೀಟ್‌ನ ಕೆಲವು ಮಾರ್ಕ್ಸ್‌ಗೆ!

ಎಂಬಿಬಿಎಸ್ ಆದ ಮೇಲೆ ಎಂಡಿ, ಎಂಎಸ್ ಮಾಡಬೇಕು ಅನ್ನುವವರು ಪಿಜಿ ನೀಟ್ ಬರೆಯಲೇಬೇಕು, ಅಲ್ವಾ. ಅಲ್ಲಿ ನೀವು ಯಾವ ಕಾಲೇಜಿನಿಂದ ಬಂದಿರಿ ಅಂತ ಯಾರೂ ಕೇಳುವುದಿಲ್ಲ, ರ‍್ಯಾಂಕ್ ಒಂದೇ ಕೇಳುತ್ತಾರೆ. ಕಲಿಕೆಯ ಮಾತಿಗೆ ಬಂದರೆ, ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೆ ನಮ್ಮ ಜಿಲ್ಲೆಗಳ ಜೊತೆ ಆಂಧ್ರದ ಗಡಿ ಊರುಗಳಿಂದಲೂ ರೋಗಿಗಳು ಬರುತ್ತಾರೆ. ಅಷ್ಟು ರೋಗಿಗಳನ್ನು ನೋಡುವ ಅವಕಾಶ ಹೊಳೆಯುವ ಗಾಜಿನ ಕಟ್ಟಡವಿರೋ ಎಷ್ಟೋ ಖಾಸಗಿ ಕಾಲೇಜಿನ ಮಕ್ಕಳಿಗೆ ಸಿಗುವುದಿಲ್ಲ. ಬಳ್ಳಾರಿ ಕಾಲೇಜು 1961ರದ್ದು, ರಾಯಚೂರಿನದು 2007ರದ್ದು, ಕೊಪ್ಪಳದ್ದು 2015ರದ್ದು. ಎರಡರಲ್ಲಿ ಒಂದು ಆರಿಸಬೇಕಾದರೆ ಹಳೆಯದನ್ನು ಮೇಲೆ ಹಾಕಿ, ಯಾಕಂದರೆ ವಿಭಾಗಗಳು, ಪಿಜಿ ಸೀಟು, ಸೀನಿಯರ್‌ಗಳು ಎಲ್ಲ ಅಲ್ಲಿ ಜಾಸ್ತಿ. ಆದರೆ ಅದಕ್ಕಾಗಿ ತಲೆ ಕೆಡಿಸಿಕೊಂಡು ಸಿಕ್ಕ ಸೀಟು ಬಿಡಬೇಡಿ.

ಒಂದು ಎಚ್ಚರಿಕೆ. ನಾವು ವಿಮ್ಸ್ ಅಂತ ಕರೆಯುತ್ತಿದ್ದದ್ದು ಈಗ ಬಳ್ಳಾರಿ ಮೆಡಿಕಲ್ ಕಾಲೇಜು ಆಗಿದೆ, ಅದರ ಚಿಕ್ಕ ಹೆಸರು ಬಿಎಂಸಿಆರ್‌ಸಿ. ಬೆಂಗಳೂರಿನದು ಬಿಎಂಸಿಆರ್‌ಐ. ರಾತ್ರಿ ಹನ್ನೊಂದಕ್ಕೆ ಸೈಬರ್ ಸೆಂಟರಿನಲ್ಲಿ ಕೂತು ಆಪ್ಷನ್ ಹಾಕುವಾಗ ಒಂದು ಅಕ್ಷರ ಕಣ್ಣಿಗೆ ಬೀಳುವುದಿಲ್ಲ, ಕಾಲೇಜ್ ಕೋಡ್ ನೋಡಿ ಹಾಕಿ.

ಏಮ್ಸ್ ಸಿಗುವಷ್ಟು ರ‍್ಯಾಂಕ್ ಇದ್ದರೆ ಮಾತೇ ಬೇಡ, ಫೀ ವರ್ಷಕ್ಕೆ ಕೆಲವೇ ಸಾವಿರ. ರಾಯಚೂರಿನ ಮಂದಿ ಏಮ್ಸ್ ಬೇಕು ಅಂತ 2022ರಿಂದ ಧರಣಿ ಕೂತಿದ್ದು ಸುಮ್ನೆ ಅಲ್ಲ.

ಎಂಜಿನಿಯರಿಂಗ್: ನಿಜವಾದ ತಲೆನೋವು ಇಲ್ಲಿ

ಮೆಡಿಕಲ್‌ನಲ್ಲಿ ಹೆಸರು ಕೆಲಸಕ್ಕೆ ಬರುವುದಿಲ್ಲ ಅಂದೆ. ಇಲ್ಲಿ ಬರುತ್ತದೆ. ಕಂಪನಿಗಳು ಕ್ಯಾಂಪಸ್ಸಿಗೆ ಹೋಗುವುದು ಕಾಲೇಜಿನ ಹೆಸರು ನೋಡಿಯೇ. ಬಳ್ಳಾರಿಗೆ ಬಾರದ ಎಷ್ಟೋ ಕಂಪನಿ ಬೆಂಗಳೂರಿನ ನಾಲ್ಕೈದು ಕಾಲೇಜಿಗೆ ಬರುತ್ತವೆ. ಇದನ್ನು ಒಪ್ಪಿಕೊಳ್ಳದೆ "ಎಲ್ಲ ಕಾಲೇಜೂ ಒಂದೇ" ಅನ್ನುವವರ ಮಾತು ಕೇಳಬೇಡಿ. ಪ್ರಶ್ನೆ ಇರುವುದು, ಆ ಹೆಸರಿಗೆ ಎಷ್ಟರವರೆಗೆ ಕೊಡಬಹುದು ಅನ್ನುವುದು.

ಮೊದಲ ಹೋಲಿಕೆ ನೋಡಿ. ಕೊಪ್ಪಳದ ಒಬ್ಬ ಹುಡುಗಿಗೆ ಸಿಇಟಿಯಲ್ಲಿ ಬಳ್ಳಾರಿಯ ಖಾಸಗಿ ಕಾಲೇಜಿನಲ್ಲೂ ಸೀಟಿದೆ, 8% ಸಾಲಿನಲ್ಲಿ ಬೆಂಗಳೂರಿನ ಒಳ್ಳೆ ಕಾಲೇಜಿನಲ್ಲೂ ಸೀಟಿದೆ ಅಂದುಕೊಳ್ಳಿ. ಎರಡೂ ಸಿಇಟಿ ಸೀಟೇ. ಫೀ ಎರಡೂ ಕಡೆ ವರ್ಷಕ್ಕೆ ಒಂದು ಲಕ್ಷದ ಸುತ್ತಮುತ್ತ, ದೊಡ್ಡ ವ್ಯತ್ಯಾಸ ಇಲ್ಲ. ಹಾಗಾದರೆ ಬೆಂಗಳೂರು ದುಬಾರಿ ಆಗುವುದು ಎಲ್ಲಿ? ಪಿಜಿ, ಅಂದರೆ ಪೇಯಿಂಗ್ ಗೆಸ್ಟ್ ರೂಮಿನ ಬಾಡಿಗೆ, ಮತ್ತು ಊಟದಲ್ಲಿ. ತಿಂಗಳಿಗೆ 10 ಸಾವಿರ ಹಿಡಿದರೆ ವರ್ಷಕ್ಕೆ 1.2 ಲಕ್ಷ, ನಾಲ್ಕು ವರ್ಷಕ್ಕೆ 4.8 ಲಕ್ಷ. ಬಳ್ಳಾರಿಯಲ್ಲಿ ರೂಮು ಮಾಡಿದರೂ ಅದರಲ್ಲಿ ಅರ್ಧವಾದರೂ ಖರ್ಚಾಗುತ್ತದೆ. ಅಂದರೆ ಹೆಸರಿನ ಬೆಲೆ ಇಲ್ಲಿ ಎರಡೂವರೆ ಲಕ್ಷ. ಮನೆಯಿಂದಲೇ ಓಡಾಡುವವರಿಗೆ ಐದು ಲಕ್ಷದ ಒಳಗೆ. ಕೊಡಬಹುದಾ? ನನ್ನನ್ನು ಕೇಳಿದರೆ ಕಣ್ಣು ಮುಚ್ಚಿ ಕೊಡಿ. ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಬೆಂಗಳೂರಲ್ಲೂ ಇವೆ, ಅಲ್ಲಿ ಸೀಟು ಸಿಕ್ಕರೆ ಆ ಖರ್ಚೂ ಹೋಯಿತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಕೊಡುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಗ ಆದರೆ ಬೆಂಗಳೂರು, ಮಗಳಾದರೆ ಊರು ಅಂತ ಲೆಕ್ಕ ಹಾಕೋ ಮನೆಗಳು ನಮ್ಮಲ್ಲಿ ಇನ್ನೂ ಇವೆ. "ಖರ್ಚು ಜಾಸ್ತಿ" ಅನ್ನುವುದು ನೆಪ. ಅದೇ ಮನೆಯಲ್ಲಿ ಎರಡು ವರ್ಷ ಕಳೆದು ಮಗನಿಗೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತಾರೆ. ರ‍್ಯಾಂಕ್ ತಂದವಳಿಗೆ ಪಿಜಿ ಬಾಡಿಗೆ ಕೊಡದೆ, ರ‍್ಯಾಂಕ್ ತರದವನಿಗೆ ಹತ್ತು ಲಕ್ಷ ಕೊಡುವುದು ಯಾವ ಲೆಕ್ಕ?

ಎರಡನೇ ಹೋಲಿಕೆ ಬೇರೆ ಥರ. ಸಿಇಟಿಯಲ್ಲಿ ಬೆಂಗಳೂರಿನ ಹೆಸರಿರೋ ಕಾಲೇಜು ತಪ್ಪಿತು, ಖಾಸಗಿ ಕಾಲೇಜುಗಳೇ ನಡೆಸುವ ಪ್ರವೇಶ ಪರೀಕ್ಷೆ ಕಾಮೆಡ್-ಕೆ ಮೂಲಕ ಅದೇ ಕಾಲೇಜು ಸಿಗುತ್ತಿದೆ. ಫೀ ವರ್ಷಕ್ಕೆ ಎರಡೂವರೆಯಿಂದ ಮೂರು ಲಕ್ಷ. ಪಿಜಿ ಸೇರಿ ನಾಲ್ಕು ವರ್ಷಕ್ಕೆ 15-17 ಲಕ್ಷ. ಬಳ್ಳಾರಿಯಲ್ಲಿ ಮನೆಯಿಂದ ಓದಿದರೆ 5 ಲಕ್ಷದ ಒಳಗೆ ಮುಗಿಯುತ್ತದೆ. ಅಂತರ ಹತ್ತು ಲಕ್ಷ ದಾಟಿತು. ಈ ಹತ್ತು ಲಕ್ಷ ಕೈಯಲ್ಲಿದ್ದರೆ, ಬ್ರಾಂಚ್ ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ಆದರೆ, ಕಾಲೇಜು ನಿಜವಾಗಿಯೂ ಮೇಲಿನ ನಾಲ್ಕೈದರಲ್ಲಿ ಒಂದಾದರೆ, ಯೋಚನೆ ಮಾಡಿ. ಸಾಲ ಮಾಡಬೇಕಾದರೆ ಕೆಳಗೆ ಸಾಲದ ಲೆಕ್ಕ ಇದೆ, ಅದನ್ನು ಓದಿದ ಮೇಲೆ ಯೋಚನೆ ಮಾಡಿ. ಮಧ್ಯಮ ದರ್ಜೆಯ ಬೆಂಗಳೂರು ಕಾಲೇಜಿಗೆ ಇಷ್ಟು ಕೊಡುವುದು ನನಗಂತೂ ಒಪ್ಪಿಗೆ ಇಲ್ಲ. ಬೆಂಗಳೂರು ಅನ್ನುವುದು ಊರಿನ ಹೆಸರು, ಕಾಲೇಜಿನ ಹೆಸರಲ್ಲ. ವಿಳಾಸದಲ್ಲಿ ಬೆಂಗಳೂರು ಇದೆ ಅಂತ ಕಂಪನಿ ಬರುವುದಿಲ್ಲ.

ಮ್ಯಾನೇಜ್‌ಮೆಂಟ್ ಸೀಟಿನ ಬಗ್ಗೆ ಮಾತಾಡುವುದಿಲ್ಲ. ಒಳ್ಳೆ ರ‍್ಯಾಂಕ್ ಬಂದವರಿಗೆ ಅದರ ಅಗತ್ಯವೇ ಇಲ್ಲ.

ಈ ಎರಡು ಹೋಲಿಕೆಗಳ ಮಧ್ಯೆ ಮಂದಿ ಮರೆತುಬಿಡುವ ಎರಡು ಬಾಗಿಲು ಇವೆ. ಒಂದು ಯುವಿಸಿಇ. 1917ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಕಾಲೇಜು, ಕೆ.ಆರ್. ಸರ್ಕಲ್‌ನಲ್ಲಿದೆ, ಸಿಇಟಿ ಮೂಲಕವೇ ಸೀಟು, ಸರ್ಕಾರಿ ಸಂಸ್ಥೆ. ಕಟ್ಟಡ ಹಳೆಯದು ಅಂತ ಮೂಗು ಮುರಿಯುತ್ತಾರೆ. ಆದರೆ ಕಡಿಮೆ ಫೀ, ದೊಡ್ಡ ಹೆಸರು ಎರಡೂ ಒಟ್ಟಿಗೆ ಸಿಗುವ ಜಾಗ ಬೆಂಗಳೂರಲ್ಲಿ ಇನ್ನೆಲ್ಲಿದೆ? ಇನ್ನೊಂದು ಎಸ್‌ಎನ್‌ಕ್ಯೂ, ಅಂದರೆ ಸೂಪರ್ ನ್ಯೂಮರರಿ ಕೋಟಾ. ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ ಮಂಜೂರಾದ ಸೀಟಿನ ಮೇಲೆ ಇನ್ನೂ 5% ಸೀಟು, ಟ್ಯೂಷನ್ ಫೀ ಮಾಫಿ. ಖಾಸಗಿ ಕಾಲೇಜಿನಲ್ಲೂ ಇದು ಉಂಟು. ಆದಾಯ ಪ್ರಮಾಣ ಪತ್ರ ಇದ್ದೂ ಅರ್ಜಿಯಲ್ಲಿ ಇದನ್ನು ಕ್ಲೇಮ್ ಮಾಡದೇ ಇರುವವರು ಸುಮಾರು ಮಂದಿ.

ಐಐಟಿ, ಎನ್‌ಐಟಿ ಬಂದರೆ ಲೆಕ್ಕವೇ ಬದಲಾಗುತ್ತದೆ. ಐಐಟಿ ಟ್ಯೂಷನ್ ಫೀ ವರ್ಷಕ್ಕೆ 2 ಲಕ್ಷ ಅಂತ ಕೇಳಿಯೇ ಕೆಲವರು ಹೆದರುತ್ತಾರೆ. ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲ ಮಕ್ಕಳಿಗೆ ಟ್ಯೂಷನ್ ಫೀ ಪೂರ್ತಿ ಮಾಫಿ. ಮನೆಯ ಆದಾಯ 1 ಲಕ್ಷದ ಒಳಗಿದ್ದರೆ ಯಾವ ಜಾತಿಯವರಾದರೂ ಪೂರ್ತಿ ಮಾಫಿ. 1ರಿಂದ 5 ಲಕ್ಷದ ಒಳಗಿದ್ದರೆ ಮೂರರಲ್ಲಿ ಎರಡು ಭಾಗ ಮಾಫಿ. ಎನ್‌ಐಟಿಯಲ್ಲೂ ಇದೇ ರೀತಿ, ಅಲ್ಲಿ ಟ್ಯೂಷನ್ ಫೀ 1.25 ಲಕ್ಷ. ಹಾಗಾಗಿ ಎರಡೆಕರೆ ರೈತನ ಮಗನಿಗೆ ಐಐಟಿ ಧಾರವಾಡ ಬೆಂಗಳೂರಿನ ಖಾಸಗಿ ಕಾಲೇಜಿಗಿಂತ ಅಗ್ಗ. ಸುರತ್ಕಲ್‌ನ ಅರ್ಧ ಸೀಟು ಕರ್ನಾಟಕದವರಿಗೇ. ಜೆಇಇ ಕಷ್ಟ ಅಂತ ಅರ್ಜಿಯನ್ನೇ ಹಾಕದೆ ಇರಬೇಡಿ, ಮೇನ್ಸ್ ಅಂತೂ ಬರೆಯಿರಿ.

ರಾಯಚೂರಿನ ಐಐಐಟಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಐಐಟಿ ಬೇಕು ಅಂತ ಹೋರಾಡಿದ್ದು ರಾಯಚೂರು, ಐಐಟಿ ಹೋಗಿದ್ದು ಧಾರವಾಡಕ್ಕೆ, ನಮಗೆ 2019ರಲ್ಲಿ ಐಐಐಟಿ ಬಂತು, ಆ ಸಿಟ್ಟು ಇನ್ನೂ ಇಳಿದಿಲ್ಲ. ಸಂಸ್ಥೆ ಕೇಂದ್ರದ ಕಾಯ್ದೆಯಡಿ ಬರುತ್ತದೆ, ಸೀಟು ಜೆಇಇ ಮೇನ್ಸ್ ರ‍್ಯಾಂಕ್ ಮೇಲೆ ಜೋಸಾ ಅನ್ನೋ ಕೇಂದ್ರದ ಕೌನ್ಸೆಲಿಂಗ್ ಮೂಲಕ. ಊರಿನವರಿಗೆ ಅಂತ ಪ್ರತ್ಯೇಕ ಸೀಟು ಇಲ್ಲ, 371ಜೆ ಅಲ್ಲಿ ನಡೆಯುವುದಿಲ್ಲ. ಫೀ ಸಿಇಟಿ ಸೀಟಿಗಿಂತ ಜಾಸ್ತಿ. ಮನೆ ಹತ್ತಿರ ಅನ್ನೋ ಒಂದೇ ಕಾರಣಕ್ಕೆ ಬೇಡ. ಸುರತ್ಕಲ್ ಮತ್ತು ಇದರ ಮಧ್ಯೆ ಆರಿಸುವುದಾದರೆ ಯೋಚಿಸದೆ ಸುರತ್ಕಲ್. ಬೆಂಗಳೂರಿನ ಮಧ್ಯಮ ಕಾಲೇಜು ಮತ್ತು ಇದರ ಮಧ್ಯೆ ಆದರೆ ನಾನು ಇದನ್ನೇ ಹಿಡಿಯುತ್ತೇನೆ.

ಬ್ರಾಂಚ್ ದೊಡ್ಡದಾ, ಕಾಲೇಜು ದೊಡ್ಡದಾ ಅನ್ನೋ ಜಗಳ ಬೇರೆ. ಸಾಫ್ಟ್‌ವೇರ್ ಕೆಲಸವೇ ಗುರಿ ಅಂದರೆ ಊರಿನ ಕಂಪ್ಯೂಟರ್ ಸೈನ್ಸ್‌ಗಿಂತ ದೊಡ್ಡ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಾಸಿ. ಆದರೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಿವಿಲ್ ಇಷ್ಟಪಟ್ಟು ಓದುವವರಿಗೆ ಬೆಂಗಳೂರಿನ ಮೋಹ ಅಷ್ಟು ಬೇಡ. ಗೇಟ್ ಬರೆದು ಸರ್ಕಾರಿ ಕಂಪನಿಗೋ ಎಂಟೆಕ್‌ಗೋ ಹೋಗುವವರಿಗೆ ಕಾಲೇಜಿನ ಹೆಸರು ಲೆಕ್ಕಕ್ಕಿಲ್ಲ, ಗೇಟ್ ಸ್ಕೋರ್ ಲೆಕ್ಕಕ್ಕಿದೆ. ನಮ್ಮ ಪಕ್ಕದಲ್ಲೇ ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಉಕ್ಕಿನ ಕಾರ್ಖಾನೆ, ಶಕ್ತಿನಗರ ಮತ್ತು ಕುಡತಿನಿಯಲ್ಲಿ ವಿದ್ಯುತ್ ಸ್ಥಾವರ, ಹಟ್ಟಿಯಲ್ಲಿ ಚಿನ್ನದ ಗಣಿ ಇವೆ. ಇಷ್ಟಿದ್ದೂ ಸುರತ್ಕಲ್‌ನ ಮೆಟಲರ್ಜಿ ಸೀಟು ಅಂದರೆ ನಮ್ಮ ಮಂದಿ ಮುಖ ಕಿವುಚುತ್ತಾರೆ, ನನಗಂತೂ ಇದು ಅರ್ಥ ಆಗುವುದಿಲ್ಲ.

ಹೆಸರು ಎಷ್ಟು ಗಟ್ಟಿ ಅಂತ ನೋಡುವುದು ಹೇಗೆ? ಮೆಣಸಿನಕಾಯಿ ಕೊಳ್ಳುವಾಗ ಚೀಲದ ಮೇಲಿನ ಕಾಯಿ ನೋಡಿ ರೇಟು ಕಟ್ಟುವುದಿಲ್ಲವಲ್ಲ, ಕೈ ಒಳಗೆ ಹಾಕಿ ನಡುವಿನದು ತೆಗೆದು ನೋಡುತ್ತೀರಿ. ಇಲ್ಲೂ ಹಾಗೇ. ಬ್ಯಾನರ್ ಮೇಲೆ ಹಾಕಿರೋ "ಅತಿ ಹೆಚ್ಚು ಪ್ಯಾಕೇಜ್" ಒಬ್ಬನದ್ದು. ನೀವು ಕೇಳಬೇಕಾದ್ದು ಮೀಡಿಯನ್ ಸಂಬಳ, ಅಂದರೆ ಸಾಲಿನ ಮಧ್ಯೆ ನಿಂತವನಿಗೆ ಎಷ್ಟು ಸಿಕ್ಕಿತು ಅನ್ನುವುದು. ಕೇಂದ್ರದ ಕಾಲೇಜು ರ‍್ಯಾಂಕಿಂಗ್ ಎನ್‌ಐಆರ್‌ಎಫ್‌ಗೆ ಅದರಲ್ಲಿ ಭಾಗವಹಿಸುವ ಪ್ರತಿ ಕಾಲೇಜು ಕೊಡುವ ಮಾಹಿತಿಯಲ್ಲಿ ಇದು ಇರುತ್ತದೆ: ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮೀಡಿಯನ್ ಎಷ್ಟು, ಮುಂದೆ ಓದಲು ಎಷ್ಟು ಮಂದಿ ಹೋದರು. ಕಾಲೇಜಿನ ವೆಬ್‌ಸೈಟಿನಲ್ಲೂ ಹಾಕಿರುತ್ತಾರೆ, ಹುಡುಕಿದರೆ ಸಿಗುತ್ತದೆ. ಆ ಮಾಹಿತಿ ಎಲ್ಲೂ ಕಾಣದಿದ್ದರೆ ಅದೂ ಒಂದು ಉತ್ತರವೇ. ನೀವು ಸೇರೋ ಬ್ರಾಂಚ್‌ಗೆ ಎನ್‌ಬಿಎ ಮಾನ್ಯತೆ ಇದೆಯಾ ಅಂತಲೂ ಕೇಳಿ, ಅದನ್ನು ಕೊಡುವುದು ಬ್ರಾಂಚ್‌ಗೆ, ಇಡೀ ಕಾಲೇಜಿಗಲ್ಲ.

ಶುದ್ಧ ವಿಜ್ಞಾನ: ದೊಡ್ಡ ಹೆಸರೇ ಅಗ್ಗ

ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿಯಲ್ಲೇ ಮುಂದೆ ಹೋಗಬೇಕು ಅನ್ನೋ ಮಕ್ಕಳಿಗೆ ನಮ್ಮ ಕಡೆ ಸಲಹೆ ಕೊಡುವವರೇ ಇಲ್ಲ. "ಬಿಎಸ್ಸಿ ಮಾಡಿ ಏನು ಮಾಡ್ತೀಯ" ಅಂತ ಬಾಯಿ ಮುಚ್ಚಿಸುತ್ತಾರೆ. ಆದರೆ ಹೆಸರು, ರೊಕ್ಕ ಎರಡೂ ಜಗಳ ಆಡದ ಜಾಗ ಇದೊಂದೇ.

ಬೆಂಗಳೂರಿನ ಐಐಎಸ್‌ಸಿಯಲ್ಲಿ ನಾಲ್ಕು ವರ್ಷದ ಬಿಎಸ್ ರಿಸರ್ಚ್ 2011ರಿಂದ ಇದೆ. ಟ್ಯೂಷನ್ ಫೀ ವರ್ಷಕ್ಕೆ 10 ಸಾವಿರದ ಆಸುಪಾಸು. ಊರಿನ ಎಷ್ಟೋ ಇಂಗ್ಲಿಷ್ ಮೀಡಿಯಂ ಶಾಲೆಯ ಯುಕೆಜಿ ಇದಕ್ಕಿಂತ ದುಬಾರಿ! ಕೇಂದ್ರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳು ಏಳು ಇವೆ: ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬ್ರಹ್ಮಪುರ. ಐದು ವರ್ಷದ ಬಿಎಸ್-ಎಂಎಸ್. ಬಳ್ಳಾರಿ, ರಾಯಚೂರಿನಿಂದ ತಿರುಪತಿ ಹತ್ತಿರವೇ, ದೇವರ ದರ್ಶನಕ್ಕೆ ಹೋಗೋ ದಾರಿ ಎಲ್ಲರಿಗೂ ಗೊತ್ತು. ಇವಕ್ಕೆ ಐಎಟಿ ಅನ್ನೋ ಪರೀಕ್ಷೆ. 60 ಪ್ರಶ್ನೆ, ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ತಲಾ 15. ಗಣಿತವೂ ಬಯಾಲಜಿಯೂ ಓದಿರೋ ಪಿಸಿಎಂಬಿ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಪರೀಕ್ಷೆ. ಅಂಥದ್ದೇ ಸಂಸ್ಥೆ ಭುವನೇಶ್ವರದ ನೈಸರ್‌ಗೆ ನೆಸ್ಟ್ ಅಂತ ಬೇರೆ ಪರೀಕ್ಷೆ. ಎರಡನ್ನೂ ಬರೆಯಿರಿ. ನೀಟ್‌ಗೆ ಓದಿದವರು ಗಣಿತ ಬಿಟ್ಟಿರುತ್ತಾರೆ, ಅಷ್ಟು ಗಮನ ಕೊಡಿ.

ಪಿಯುಸಿಯಲ್ಲಿ ಬೋರ್ಡಿನ ಮೇಲಿನ 1% ಒಳಗೆ ಬಂದು ಶುದ್ಧ ವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಅಂತ ಕೇಂದ್ರದ ಯೋಜನೆ, ವರ್ಷಕ್ಕೆ 80 ಸಾವಿರ. ಊರಿನ ಬಿಎಸ್ಸಿ ಓದಿದರೂ ಬರುತ್ತದೆ. ಆ ವರ್ಷ ಅರ್ಜಿ ಕರೆದಿದ್ದಾರಾ ಅಂತ ನೋಡಿಕೊಂಡು ಹಾಕಿ, ಅದನ್ನೇ ನಂಬಿ ಬಜೆಟ್ ಮಾಡಬೇಡಿ.

ಐಸರ್ ಸಿಗಲಿಲ್ಲ, ಬಳ್ಳಾರಿಯ ಅಥವಾ ರಾಯಚೂರಿನ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದಿರಿ ಅಂದುಕೊಳ್ಳಿ. ಮುಗಿಯಿತು ಅಂತ ಅಲ್ಲ. ಈ ಓಟದಲ್ಲಿ ಲೆಕ್ಕಕ್ಕೆ ಬರುವುದು ಕೊನೆಯ ಡಿಗ್ರಿ. ಬಿಎಸ್ಸಿ ಕೊನೆ ವರ್ಷದಲ್ಲಿ ಜಾಮ್ ಅನ್ನೋ ಪ್ರವೇಶ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂಎಸ್ಸಿ, ಐಐಎಸ್‌ಸಿಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿ. ಮುಂದೆ ಸಂಶೋಧನೆ ಮಾಡುವವರಿಗೆ ಕೊಡುವ ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37 ಸಾವಿರ ಫೆಲೋಶಿಪ್, ಅಂದರೆ ಓದಲು ಅವರೇ ರೊಕ್ಕ ಕೊಡುತ್ತಾರೆ. ಹಾಗಾಗಿ ಬಿಎಸ್ಸಿಗಾಗಿ ಬೆಂಗಳೂರಿನ ಖಾಸಗಿ ಕಾಲೇಜಿಗೆ ವರ್ಷಕ್ಕೆ ಲಕ್ಷ ಲಕ್ಷ ಕೊಡುವ ಮುಂಚೆ ಎರಡು ಸಲ ಯೋಚಿಸಿ. ಆ ರೊಕ್ಕದಲ್ಲಿ ಊರಲ್ಲೇ ಇದ್ದು ಜಾಮ್‌ಗೆ ತಯಾರಿ ಮಾಡಬಹುದು, ಬೇಸಿಗೆಯಲ್ಲಿ ವಿಜ್ಞಾನ ಅಕಾಡೆಮಿಗಳ ಫೆಲೋಶಿಪ್‌ಗೆ ಅರ್ಜಿ ಹಾಕಿ ದೊಡ್ಡ ಲ್ಯಾಬ್ ನೋಡಿಬರಬಹುದು. ಊರಿನ ಬಿಎಸ್ಸಿಯ ಕೊರತೆ ಏನು ಅಂತಲೂ ಹೇಳಬೇಕು. ಲ್ಯಾಬ್ ಸಾಧಾರಣ, ಅತಿಥಿ ಉಪನ್ಯಾಸಕರ ಮೇಲೆ ನಡೆಯೋ ವಿಭಾಗಗಳು, ಮತ್ತೆ ಪಕ್ಕದಲ್ಲಿ ಕೂತವರಿಗೆ ಜಾಮ್ ಅನ್ನೋ ಪರೀಕ್ಷೆ ಇದೆ ಅಂತಲೇ ಗೊತ್ತಿರುವುದಿಲ್ಲ. ಈ ಕೊನೆಯದು ಎಲ್ಲಕ್ಕಿಂತ ದೊಡ್ಡ ಕೊರತೆ. ದೊಡ್ಡ ಸಂಸ್ಥೆಯಲ್ಲಿ ಹಾಸ್ಟೆಲಿನ ಕಾರಿಡಾರಿನಲ್ಲೇ ತಿಳಿಯುವ ವಿಷಯವನ್ನು ಇಲ್ಲಿ ನೀವೊಬ್ಬರೇ ಹುಡುಕಬೇಕು.

ಕೃಷಿ ಕಡೆ ಒಲವಿದ್ದರೆ ರಾಯಚೂರು ಕೃಷಿ ವಿವಿ ಇದೆ, ಫೀ ಕಡಿಮೆ, ರೈತರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಬರೆಯಬೇಕು. ಮನೆಯಲ್ಲಿ ಪಹಣಿ ಇದ್ದೂ ಆ ಪರೀಕ್ಷೆಗೆ ಹಾಜರಾಗದೆ ಸೀಟು ಕಳೆದುಕೊಳ್ಳಬೇಡಿ.

ಸಾಲ ಮಾಡುವ ಮುಂಚೆ

ಬ್ಯಾಂಕಿನವರು "ಓದು ಮುಗಿಯೋವರೆಗೆ ಕಟ್ಟಬೇಕಿಲ್ಲ" ಅನ್ನುತ್ತಾರೆ. ನಿಜ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷ, ಒಟ್ಟು 10 ಲಕ್ಷ ತೆಗೆದಿರಿ, ಬಡ್ಡಿ 10%, ಓದು ಮುಗಿದ ಮೇಲೆ ಒಂದು ವರ್ಷ ಬಿಡುವು ಅಂದುಕೊಳ್ಳಿ. ಕಂತು ಶುರುವಾಗೋ ಹೊತ್ತಿಗೆ ಸರಳ ಬಡ್ಡಿಯೇ ಮೂರೂವರೆ ಲಕ್ಷ ಸೇರಿ 13.5 ಲಕ್ಷ ಆಗಿರುತ್ತದೆ. ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳಿಗೆ ಸುಮಾರು 17,800. ಕ್ಯಾಂಪಸ್ಸಿಗೆ ಸಾವಿರಗಟ್ಟಲೆ ಮಕ್ಕಳನ್ನು ತೆಗೆದುಕೊಳ್ಳೋಕೆ ಬರುವ ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷದ ಸುತ್ತಮುತ್ತ, ಕೈಗೆ ತಿಂಗಳಿಗೆ 25 ಸಾವಿರ. ಅದರಲ್ಲಿ 17,800 ಕಟ್ಟಿ ಉಳಿದದ್ದರಲ್ಲಿ ಬೆಂಗಳೂರಲ್ಲಿ ಬದುಕಬೇಕು. ಆಗಲ್ಲ ಅಲ್ವಾ? ಆಗ ಕಂತು ಕಟ್ಟುವುದು ಅಪ್ಪ. ನಮ್ಮ ಕಡೆಯ ಅಪ್ಪಂದಿರ ಆದಾಯ ಎಂಥದ್ದು ಅಂತ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಎಡದಂಡೆ ನಾಲೆಯ ರೈತರಿಗೆ ಎಷ್ಟು ಹೆದರಿಕೆ ಆಯಿತು ನೋಡಿದ್ದೇವೆ. ಎರಡನೇ ಬೆಳೆಗೆ ನೀರು ಬಿಡದ ವರ್ಷ ಬ್ಯಾಂಕಿನವರು ಕಂತು ಬಿಡುವುದಿಲ್ಲ.

ನನ್ನ ಮಟ್ಟಿಗೆ ಗೆರೆ ಇಷ್ಟು: ಆ ಕಾಲೇಜಿನ ಆ ಬ್ರಾಂಚಿನ ಮೀಡಿಯನ್ ಸಂಬಳ ಒಂದು ವರ್ಷಕ್ಕೆ ಎಷ್ಟೋ, ಒಟ್ಟು ಸಾಲ ಅದಕ್ಕಿಂತ ಜಾಸ್ತಿ ಆಗಬಾರದು. ಬೆಂಗಳೂರಿನ ಮೇಲಿನ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಈ ಗೆರೆಯೊಳಗೆ ಬರಬಹುದು, ಮಧ್ಯಮ ಕಾಲೇಜು ಬರುವುದಿಲ್ಲ.

ಸಾಲ ಬೇಕೇ ಬೇಕಾದರೆ 2024ರ ಕೊನೆಯಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಮೊದಲು ನೋಡಿ. ಎನ್‌ಐಆರ್‌ಎಫ್ ಆಧಾರದ ಮೇಲೆ ಪಟ್ಟಿ ಮಾಡಿದ ಸಂಸ್ಥೆಗಳಲ್ಲಿ ಮೆರಿಟ್ ಮೇಲೆ ಸೀಟು ಸಿಕ್ಕವರಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ. ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಕಾಲದ ಬಡ್ಡಿಯಲ್ಲಿ 3% ರಿಯಾಯಿತಿ, ಆದರೆ ವರ್ಷಕ್ಕೆ ಇಷ್ಟೇ ಮಂದಿಗೆ ಅಂತ ಮಿತಿ ಇದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳಲ್ಲಿ ಅರಿವು ಸಾಲ ಇದೆ, ಬಡ್ಡಿ ತೀರಾ ಕಡಿಮೆ. ರೈತ ವಿದ್ಯಾನಿಧಿಯಲ್ಲಿ ಎಂಬಿಬಿಎಸ್, ಬಿಇ ಹುಡುಗರಿಗೆ ವರ್ಷಕ್ಕೆ 10 ಸಾವಿರ, ಹುಡುಗಿಯರಿಗೆ 11 ಸಾವಿರ. ದೊಡ್ಡ ಮೊತ್ತವಲ್ಲ, ಪುಸ್ತಕ ಮತ್ತು ರೈಲು ಟಿಕೆಟ್ ಆಗುತ್ತದೆ, ಹಂಪಿ ಎಕ್ಸ್‌ಪ್ರೆಸ್ ಸ್ಲೀಪರ್ ಇನ್ನೂ ಅಗ್ಗವೇ.

ಲಾಂಗ್ ಟರ್ಮ್, ಮತ್ತೆ ಕಾಗದ ಪತ್ರ

ರ‍್ಯಾಂಕ್ ಸ್ವಲ್ಪದರಲ್ಲಿ ತಪ್ಪಿದವರಿಗೆ ಇನ್ನೊಂದು ದಾರಿ ಲಾಂಗ್ ಟರ್ಮ್, ಅಂದರೆ ಒಂದು ವರ್ಷ ಕೂತು ಮತ್ತೆ ಬರೆಯುವುದು. ಮೆಡಿಕಲ್‌ಗೆ ಇದು ಅರ್ಥ ಇರೋ ಮಾತು. ಕೋಚಿಂಗ್ ಮತ್ತು ಹಾಸ್ಟೆಲ್‌ಗೆ ಎರಡು ಮೂರು ಲಕ್ಷ ಆದರೂ, ಸರ್ಕಾರಿ ಸೀಟು ಬಂದರೆ ಅರ್ಧ ಕೋಟಿ ಉಳಿಯಿತು. ಆದರೆ ಒಂದು ಸಲ ಮಾತ್ರ, ಅದೂ ಕಟ್‌ಆಫ್ ಹತ್ತಿರ ಇದ್ದವರು ಮಾತ್ರ. ಎಂಜಿನಿಯರಿಂಗ್‌ಗೆ ಬೇಡ. ಸಿಇಟಿ ರ‍್ಯಾಂಕಿನಲ್ಲಿ ಪಿಯುಸಿ ಮಾರ್ಕ್ಸ್ ಅರ್ಧ, ಸಿಇಟಿ ಅರ್ಧ, ಮತ್ತೆ ಬರೆದರೆ ಬದಲಾಗುವುದು ಅರ್ಧ ಮಾತ್ರ. ಜೆಇಇ ಅಡ್ವಾನ್ಸ್ಡ್ ಅಂತೂ ಸತತ ಎರಡು ವರ್ಷದಲ್ಲಿ ಎರಡೇ ಅವಕಾಶ.

ಪ್ರಮಾಣ ಪತ್ರದಲ್ಲಿ ಒಂದು ಗೊಂದಲ ಪ್ರತಿ ವರ್ಷ ಆಗುತ್ತದೆ. ರಾಜ್ಯದ ಪಟ್ಟಿಯಲ್ಲಿ 3ಎ, 3ಬಿ ಇದ್ದ ಮಾತ್ರಕ್ಕೆ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇರಲೇಬೇಕು ಅಂತ ಇಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಹೆಸರು ಹುಡುಕಿ. ಇದ್ದರೆ ಕೇಂದ್ರದ ನಮೂನೆಯಲ್ಲಿ ಒಬಿಸಿ-ಎನ್‌ಸಿಎಲ್ (ಕೆನೆಪದರಕ್ಕೆ ಸೇರದವರ ಪತ್ರ) ಮಾಡಿಸಿ, ಇಲ್ಲದಿದ್ದರೆ ಇಡಬ್ಲ್ಯೂಎಸ್‌ಗೆ (ಆರ್ಥಿಕವಾಗಿ ಹಿಂದುಳಿದವರ ಕೋಟಾ) ಅರ್ಹರಾ ನೋಡಿ. ಜೆಇಇ ಸೀಟಿಗೆ ಈ ಎರಡೂ ಆ ವರ್ಷದ ಏಪ್ರಿಲ್ 1ರ ನಂತರದ್ದೇ ಆಗಬೇಕು. ಹಳೆಯ ರಾಜ್ಯದ ಪತ್ರ ಹಿಡಿದು ಹೋದರೆ ನಿಮ್ಮನ್ನು ಜನರಲ್‌ಗೆ ಹಾಕುತ್ತಾರೆ.

ಆಪ್ಷನ್ ಎಂಟ್ರಿಯಲ್ಲಿ ಫೀ ನೋಡಿ ಹೆದರಿ ಒಳ್ಳೆ ಕಾಲೇಜನ್ನು ಕೆಳಗೆ ಹಾಕಬೇಡಿ. ನಿಜವಾಗಿ ಬೇಕಾದ ಕ್ರಮದಲ್ಲೇ ಹಾಕಿ. ಮಾಕ್ ಅಲಾಟ್‌ಮೆಂಟ್, ಅಂದರೆ ಅಣಕು ಸೀಟು ಹಂಚಿಕೆ, ಬಂದ ಮೇಲೆ ತಿದ್ದಲು ಸಮಯ ಕೊಡುತ್ತಾರೆ, ಮನೆಯವರೆಲ್ಲ ಕೂತು ಖರ್ಚಿನ ಲೆಕ್ಕ ಹಾಕಲು ಅದೇ ಸರಿಯಾದ ಹೊತ್ತು. ಸೀಟು ಸಿಕ್ಕಿದೆ ಆದರೆ ಇನ್ನೂ ಮೇಲಿನದಕ್ಕೆ ಆಸೆ ಇದೆ ಅಂದರೆ ಚಾಯ್ಸ್ 2 ಒತ್ತಿ, ಸಿಕ್ಕಿದ್ದು ಕೈಯಲ್ಲಿ ಉಳಿಯುತ್ತದೆ, ಮುಂದಿನ ಸುತ್ತಿಗೂ ಹೋಗುತ್ತೀರಿ. ಚಾಯ್ಸ್ 3 ಅಂದರೆ ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಇವೆರಡರ ವ್ಯತ್ಯಾಸ ಸೈಬರ್ ಸೆಂಟರ್ ಹುಡುಗನಿಗೆ ಗೊತ್ತಿರುತ್ತದೆ ಅಂತ ನಂಬಬೇಡಿ, ಬಟನ್ ಒತ್ತುವಾಗ ಪಕ್ಕದಲ್ಲಿ ನೀವೇ ಕೂತಿರಿ.